ಎರಡು ಕೇಡುಗಳಲ್ಲಿ ಕಿರಿದು

2023ನೆಯ ಇಸವಿ ಮೇ ತಿಂಗಳ 7ನೆಯ ತಾರೀಖು, ಭಾನುವಾರ, ಸಂಜೆಯ ಹೊತ್ತು. ಬರುವ ಬುಧವಾರವೇ ವಿಧಾನಸಭೆಯ ಚುನಾವಣೆ. ಧ್ವನಿವರ್ಧಕಗಳನ್ನು ಹೊತ್ತ ಆಟೋಗಳು ನಮ್ಮ ಬೀದಿಯಲ್ಲಿ ಎರಡು ಸಲ ಹೋಗಿ ಬಂದು ಎಬ್ಬಿಸಿದ ಧೂಳು ಇನ್ನೂ ಅಡಗಿರಲಿಲ್ಲ. ಜಗಲಿಯಲ್ಲಿ ಕುಳಿತು ಹಳೆಯ ಪುಸ್ತಕವೊಂದರ ರಟ್ಟಿಗೆ ಅಂಟು ಹಚ್ಚುತ್ತಿದ್ದ ನನ್ನ ಮುಂದೆ ಒಬ್ಬಾಕೆ ಬಂದು ನಿಂತು, ಸೆರಗನ್ನು ಸರಿಪಡಿಸಿಕೊಂಡು, “ಸಾರ್, ಗುರುತು ಸಿಕ್ಕಲಿಲ್ಲವೆ?” ಎಂದಳು. ಸಿಕ್ಕಲಿಲ್ಲ. ಹೆಸರು ಹೇಳಿದಳು; ಅದೂ ನನಗೆ ಹೊಸದು. ಆಮೇಲೆ ಸ್ವಲ್ಪ ತಡೆದು, ಹಾಜರಿ ಪುಸ್ತಕದಲ್ಲಿದ್ದ ಹಳೆಯ ಹೆಸರನ್ನು ಹೇಳಿದಳು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹುಡುಗನ ಹೆಸರು ಅದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ನನ್ನ ಉಪಾಧ್ಯಾಯ ವೃತ್ತಿಯೆಲ್ಲ ಕಳೆದಿರುವುದು. ಅವುಗಳಲ್ಲಿ ಇದು ಯಾವ ಊರಿನ ಸಂಗತಿಯೆಂದು ನಾನು ಹೇಳತಕ್ಕವನಲ್ಲ. ಹೇಳಿದರೆ ಆಕೆಯ ಮನೆಯ ದಾರಿಯನ್ನು ತೋರಿಸಿದಂತೆಯೇ ಆಗುವುದು. ಸಣ್ಣ ಊರುಗಳ ಸ್ವಭಾವ ವಾಚಕರಿಗೆ ತಿಳಿಯದ್ದಲ್ಲ.

ಆ ಹುಡುಗನ ನೆನಪು ನನಗೆ ಚೆನ್ನಾಗಿ ಉಳಿದಿರುವುದಕ್ಕೆ ಒಂದು ಕಾರಣವುಂಟು. ಸಂಸ್ಕೃತದಲ್ಲಿ ಹೆಂಡತಿಯೆಂಬ ಅರ್ಥಕ್ಕೆ ‘ಭಾರ್ಯಾ’ ಎಂಬುದು ಸ್ತ್ರೀಲಿಂಗ, ‘ಕಲತ್ರಂ’ ಎಂಬುದು ನಪುಂಸಕಲಿಂಗ, ‘ದಾರಾಃ’ ಎಂಬುದು ಪುಲ್ಲಿಂಗ, ಅದೂ ನಿತ್ಯ ಬಹುವಚನ. ವೈಯಾಕರಣರು ಬಹುಕಾಲದಿಂದ ಚರ್ಚಿಸಿಕೊಂಡು ಬಂದಿರುವ ಸೋಜಿಗವಿದು. ಶಬ್ದದ ಲಿಂಗವೇ ಬೇರೆ, ವಸ್ತುವಿನ ಲಿಂಗವೇ ಬೇರೆ ಎಂದು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದಾಗ ಆ ಹುಡುಗನು ಎದ್ದು ನಿಂತು, “ಸಾರ್, ಮನುಷ್ಯರಲ್ಲಿಯೂ ಹೀಗೆ ಬೇರೆಬೇರೆಯಾಗಿ ಇರಬಹುದೆ?” ಎಂದು ಕೇಳಿದನು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ನಾನೂ ನಕ್ಕು, ಕುಳಿತುಕೊಳ್ಳೆಂದೆನು. ಮರುವರ್ಷ ಆ ಹುಡುಗನು ಶಾಲೆಗೆ ಬರಲಿಲ್ಲ. ಬಡತನವಿದ್ದೀತೆಂದು ಭಾವಿಸಿದೆನು, ವಿಚಾರಿಸಲು ಹೋಗಲಿಲ್ಲ.

ಆಕೆ ಬಂದದ್ದು ಹಳೆಯದನ್ನು ಎತ್ತಿ ಆಡುವುದಕ್ಕಲ್ಲ; ಒಂದು ಪ್ರಶ್ನೆಯನ್ನು ಕೇಳುವುದಕ್ಕೆ. ಅದನ್ನು ಆಕೆಯ ಮಾತಿನಲ್ಲಿಯೇ ಕೊಡುವೆನು. “ಸಾರ್, ಇಲ್ಲಿ ಗೆಲ್ಲುವವರು ಇಬ್ಬರೇ. ಮಿಕ್ಕವರು ಲೆಕ್ಕಕ್ಕಿಲ್ಲ. ಒಬ್ಬರ ಹಿಂಬಾಲಕರು ನಮ್ಮನ್ನು ಕಂಡರೆ ಕೈತಟ್ಟಿ ಅಣಕಿಸುತ್ತಾರೆ. ಅವರೂ ಪಕ್ಕದಲ್ಲಿ ನಿಂತು ನಗುತ್ತಾರೆ. ಇನ್ನೊಬ್ಬರು ನಮ್ಮ ಮನೆಗೆ ಬಂದರು, ಚಾಪೆಯ ಮೇಲೆ ಕೂತರು, ಕೊಟ್ಟ ನೀರನ್ನು ಕುಡಿದರು. ಏಳುವಾಗ ಮಾತ್ರ, ‘ನಿಮಗೆಲ್ಲ ದೇವರು ಒಳ್ಳೇ ಬುದ್ಧಿ ಕೊಡಲಿ, ಮದುವೆ ಮಾಡಿಕೊಂಡು ನೆಟ್ಟಗಾಗಿ’ ಅಂತ ಹರಸಿ ಹೋದರು. ಅಣಕಿಸುವವರ ಪಕ್ಷದ ಪತ್ರಿಕೆಯಲ್ಲಿ ನಮ್ಮ ಹೆಸರು ಉಂಟು, ಅದು ಕೊಡುತ್ತೇವೆ, ಇದು ಕೊಡುತ್ತೇವೆ ಅಂತ. ನೀರು ಕುಡಿದವರ ಪಕ್ಷಕ್ಕೆ ನಾವು ಇದ್ದೇವೆಂಬುದೇ ಗೊತ್ತಿಲ್ಲ. ಯಾರಿಗೆ ಹಾಕಲಿ?”

ನನಗೆ ಉತ್ತರ ತೋಚಲಿಲ್ಲ. “ನಾಳೆ ಬಾ ತಾಯಿ” ಎಂದೆನು. ಆ ರಾತ್ರಿಯೂ, ಅನಂತರದ ಅನೇಕ ದಿನಗಳಲ್ಲಿಯೂ ಈ ವಿಷಯವನ್ನು ಕುರಿತು ಓದಿ ಯೋಚಿಸಿದುದರ ಫಲವೇ ಈ ಲೇಖನ.

ಮನೆಮಂದಿಯೆಲ್ಲ ಕೈಯಿಂದ ಕೈಗೆ ಕೊಟ್ಟು ಓದುವ ಪತ್ರಿಕೆಯಲ್ಲಿ ಇದೆಂತಹ ಪ್ರಸ್ತಾಪವೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಈ ಜನರು ಮನೆಗಳಲ್ಲಿಯೇ ಹುಟ್ಟುವರು. ಆಕಾಶದಿಂದ ಇಳಿದು ಬರುವವರಲ್ಲ. ಮಗನೋ ಮಗಳೋ ಆಗಿದ್ದು, ಒಂದು ವಯಸ್ಸಿನಲ್ಲಿ ಮನೆಯಿಂದ ಹೊರಕ್ಕೆ ಹೋಗುವರು, ಅಥವಾ ಮನೆಯೊಳಗೆಯೇ ಬಾಯಿ ಮುಚ್ಚಿಕೊಂಡು ಇದ್ದುಬಿಡುವರು. ಹಿಂದಿನವರಿಗೆ ಇದು ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಅಮರಕೋಶದಲ್ಲಿ ‘ತೃತೀಯಾಪ್ರಕೃತಿ’ ಎಂಬ ಶಬ್ದವಿದೆ. ಅದನ್ನು ನಾವೆಲ್ಲ ಬಾಲ್ಯದಲ್ಲಿ ಕಂಠಪಾಠ ಮಾಡಿದವರೇ. ವಿರಾಟನ ಅರಮನೆಯ ಬೃಹನ್ನಳೆಯನ್ನು ಬಯಲಾಟದಲ್ಲಿ ಕಂಡು ಕೈತಟ್ಟಿ ಮೆಚ್ಚಿದವರೇ. ನಮ್ಮ ನಾಡಿನ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದನ್ನೂ, 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸಿದುದನ್ನೂ ಬಹು ಜನ ಸಂತೋಷದಿಂದ ನೋಡಿದರು. ಆದರೆ ನೋಡುವುದೇ ಬೇರೆ, ಪಕ್ಕದ ಮನೆಯನ್ನು ಬಾಡಿಗೆಗೆ ಕೊಡುವುದೇ ಬೇರೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಕಲಮುಗಳೊಡನೆ ‘ಇತರ’ ಎಂಬ ಮೂರನೆಯದನ್ನು ಮೊದಲ ಬಾರಿಗೆ ಇಟ್ಟಾಗ ಕರ್ನಾಟಕದಲ್ಲಿ ಅದರೊಳಗೆ ಬಂದವರು 20,266 ಮಂದಿ. ಮನೆಯವರು ಬರೆಸಿದರೆ ತಾನೆ ಲೆಕ್ಕಕ್ಕೆ ಬರುವುದು! ಮತದಾರರ ಪಟ್ಟಿಯಲ್ಲಿ ‘ಇತರ’ ಎಂದು ಬರೆಸಿಕೊಳ್ಳಲು ಚುನಾವಣಾ ಆಯೋಗವು 2009ರ ಕೊನೆಯಲ್ಲಿಯೇ ಅವಕಾಶವನ್ನು ಕೊಟ್ಟಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಅಧಿಕಾರವು ಇವರಿಗುಂಟೆಂದು ತೀರ್ಪು ನೀಡಿತು. ಇಷ್ಟಾದರೂ 2024ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶದ ಪಟ್ಟಿಯಲ್ಲಿ ಈ ಕಲಮಿನಲ್ಲಿದ್ದವರು ಸುಮಾರು 48,000. ಅವರಲ್ಲಿ ಓಟು ಮಾಡಿದವರು ನೂರಕ್ಕೆ 27 ಮಂದಿ. ದೇಶದ ಒಟ್ಟು ಮತದಾನ ನೂರಕ್ಕೆ 65ನ್ನು ಮೀರಿತ್ತು. ಮಿಕ್ಕವರು ಏಕೆ ಬರಲಿಲ್ಲವೆಂಬುದಕ್ಕೆ ನಾನು ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

2004ರ ಏಪ್ರಿಲ್ ತಿಂಗಳ ಚುನಾವಣೆಯಲ್ಲಿ ನಾನು ಒಂದು ಹಳ್ಳಿಯ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿದ್ದೆನು. ಮಧ್ಯಾಹ್ನದ ಬಿಸಿಲಿನಲ್ಲಿ ಸೀರೆಯುಟ್ಟ ಒಬ್ಬರು ಚೀಟಿ ಹಿಡಿದು ಬಂದರು. ಪಟ್ಟಿಯಲ್ಲಿ ಇದ್ದುದು ಗಂಡು ಹೆಸರು. ಒಬ್ಬ ಏಜೆಂಟನು ಎದ್ದು, ಎರಡು ರೂಪಾಯಿಗಳನ್ನು ಮೇಜಿನ ಮೇಲಿಟ್ಟು, ಈ ಮತಕ್ಕೆ ತನ್ನ ಆಕ್ಷೇಪಣೆ ಉಂಟೆಂದನು. 1961ರ ಚುನಾವಣಾ ನಿಯಮಗಳ ಪ್ರಕಾರ, ಆಕ್ಷೇಪಿಸಿದವನೇ ಮೊದಲು ತನ್ನ ಮಾತಿಗೆ ಸಾಕ್ಷ್ಯವನ್ನು ಒದಗಿಸಬೇಕು. ಒದಗಿಸದಿದ್ದರೆ ಮತದಾರನಿಗೆ ಓಟು ಮಾಡಗೊಡಬೇಕು. ತರಬೇತಿಯಲ್ಲಿ ಇದನ್ನು ಎರಡು ದಿನ ಓದಿಸಿದ್ದರು. ನಾನಾದರೋ ಸಾಕ್ಷ್ಯವನ್ನು ಕೇಳಿದುದು ಬಂದವರನ್ನು. “ಊರಿನ ಯಾರಾದರೂ ಹಿರಿಯರನ್ನು ಕರೆದುಕೊಂಡು ಬಾ” ಎಂದೆನು. ಅವರು ಹೋದರು. ಐದು ಘಂಟೆಯವರೆಗೂ ನಾನು ಬಾಗಿಲ ಕಡೆ ನೋಡುತ್ತಿದ್ದುದು ನಿಜ. ಅವರು ಮರಳಿ ಬರಲಿಲ್ಲವೆಂಬುದೂ ನಿಜ. ಅದೇ 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣರು ಒಂದೇ ಒಂದು ಮತದಿಂದ ಗೆದ್ದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಊರೆಲ್ಲ ಅದನ್ನು ವಿನೋದವಾಗಿ ಹೇಳಿಕೊಳ್ಳುತ್ತಿತ್ತು. ನನಗೆ ಮಾತ್ರ ಆ ಎರಡು ರೂಪಾಯಿಗಳು ನೆನಪಿಗೆ ಬಂದವು.

ಈ ತಪ್ಪನ್ನು ಮಾಡಿದವನ ಬಳಿಗೇ ಆಕೆ ಸಲಹೆ ಕೇಳಿಕೊಂಡು ಬಂದಿದ್ದಳು. ಅದು ಆಕೆಗೆ ತಿಳಿಯದು.

ಹಾಗಿರಲಿ. ಪಕ್ಷಗಳಲ್ಲಿ ಯಾವುದು ಇವರಿಗೆ ಮಿತ್ರ, ಯಾವುದು ಶತ್ರು ಎಂದು ನೋಡಹೊರಟರೆ ಲೆಕ್ಕವು ನೇರವಾಗಿ ಬರುವುದಿಲ್ಲ. ಸಲಿಂಗಪ್ರೇಮವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮು 1860ರ ದಂಡಸಂಹಿತೆಯದು, ಆಂಗ್ಲರ ಕೃತಿ. 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದರ ಹಲ್ಲನ್ನು ಕಿತ್ತಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಹಲ್ಲನ್ನು ಮತ್ತೆ ಕಟ್ಟಿತು. ಆಗ ಕಾಂಗ್ರೆಸ್ಸಿನ ಮುಖಂಡರು ವ್ಯಸನವನ್ನು ತೋರಿಸಿದರು, ಭಾಜಪದ ಅಧ್ಯಕ್ಷರಾಗಿದ್ದ ರಾಜನಾಥ ಸಿಂಗರು ಆ ಕಲಮನ್ನು ಸಮರ್ಥಿಸಿದರು. ಇಷ್ಟನ್ನೇ ಓದಿದವನು ಇದು ಬೆಳಕು, ಅದು ಕತ್ತಲೆ ಎಂದು ತೀರ್ಮಾನಿಸಿಯಾನು. ಆದರೆ ಅದಕ್ಕೆ ಮೊದಲು ದೆಹಲಿಯ ನ್ಯಾಯಾಲಯದಲ್ಲಿ ಅದೇ ಕಲಮಿನ ಪರವಾಗಿ ವಾದಿಸಿದುದು ಕಾಂಗ್ರೆಸ್ಸಿನ ನೇತೃತ್ವದ ಸರಕಾರವೇ. 2018ರಲ್ಲಿ ಭಾಜಪದ ಸರಕಾರವು ಖಾಸಗಿಯಾದ ಸಮ್ಮತ ಸಂಬಂಧದ ವಿಷಯವನ್ನು ನ್ಯಾಯಾಲಯದ ವಿವೇಕಕ್ಕೆ ಬಿಟ್ಟಿತು. ಸೆಪ್ಟೆಂಬರ್ 6ರಂದು ಆ ಭಾಗವು ಬಿದ್ದುಹೋಯಿತು. 2023ರಲ್ಲಿ ಸಲಿಂಗವಿವಾಹದ ಮೊಕದ್ದಮೆ ನಡೆದಾಗ ಕೇಂದ್ರವು ಅದನ್ನು ವಿರೋಧಿಸಿತು. ಬೇಡವೆಂದು ಬರೆದು ಕಳುಹಿಸಿದ ರಾಜ್ಯಗಳಾದರೋ ಅಸ್ಸಾಂ, ಆಂಧ್ರ, ರಾಜಸ್ಥಾನ: ಮೂರರಲ್ಲಿ ಆಳುತ್ತಿದ್ದುದು ಮೂರು ಬೇರೆ ಬೇರೆ ಪಕ್ಷಗಳು, ರಾಜಸ್ಥಾನದಲ್ಲಿ ಕಾಂಗ್ರೆಸ್ಸು.

ನಮ್ಮ ರಾಜ್ಯದ ಕಥೆಯೂ ಹೀಗೆಯೇ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಿ, ಈ ಜನರ ಹೆಸರುಗಳನ್ನು ಠಾಣೆಯ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಲು ಪೊಲೀಸರಿಗೆ ದಾರಿ ಮಾಡಿದರು. ಹುಟ್ಟಿದುದೇ ಶಂಕೆಗೆ ಕಾರಣವೆಂಬಂತೆ! ನ್ಯಾಯಾಲಯಕ್ಕೆ ಹೋಗಿ ಹೋರಾಡಿದ ಮೇಲೆ, 2016ರಲ್ಲಿ ಆ ಕಲಮಿನಿಂದ ಇವರನ್ನು ಕುರಿತ ಶಬ್ದವು ಹೋಯಿತು. 2017ರಲ್ಲಿ ಕಾಂಗ್ರೆಸ್ಸಿನ ಸರಕಾರವು ಇವರಿಗಾಗಿ ಒಂದು ನೀತಿಯನ್ನು ಅಂಗೀಕರಿಸಿತು. ಸರಕಾರಿ ನೌಕರಿಯಲ್ಲಿ ನೂರಕ್ಕೊಂದು ಸ್ಥಾನವನ್ನು ಮೀಸಲಿಟ್ಟುದು 2021ರಲ್ಲಿ, ಭಾಜಪದ ಸರಕಾರ, ದೇಶದಲ್ಲಿಯೇ ಮೊದಲು. ಅದೂ ಉಚ್ಚ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದ ಮೇಲೆ. ಕೊಟ್ಟವರು ಯಾರಾದರೂ ಆಗಿರಲಿ, ಕೇಳದೆ ಕೊಟ್ಟವರು ಯಾರೂ ಇಲ್ಲವೆಂಬಷ್ಟು ನಾನು ಧೈರ್ಯವಾಗಿ ಹೇಳಬಲ್ಲೆನು.

ಈ ತೊಡಕು ನಮ್ಮದೊಂದೇ ದೇಶದ್ದಲ್ಲ. ಅಮೆರಿಕದಲ್ಲಿ ಒಂದು ವಿಚಿತ್ರವಾದ ಏರ್ಪಾಡಿದೆ. ಮುಖ್ಯ ಚುನಾವಣೆಗೆ ಮೊದಲು, ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಜನರೇ ಓಟು ಹಾಕಿ ಗೊತ್ತುಮಾಡುವರು. ಇದಕ್ಕೆ ಪ್ರೈಮರಿ ಎಂದು ಹೆಸರು. ಪ್ರಾಥಮಿಕ ಚುನಾವಣೆ ಎನ್ನೋಣ. ಯೂಟಾ ಎಂಬ ಸಂಸ್ಥಾನದಲ್ಲಿ 1984ರಿಂದ ಈಚೆಗೆ ರಿಪಬ್ಲಿಕನ್ ಪಕ್ಷದವರ ಹೊರತು ಬೇರೆ ಯಾರೂ ಗವರ್ನರ್ ಚುನಾವಣೆಯನ್ನು ಗೆದ್ದಿಲ್ಲ. ಅದು ಸಂಪ್ರದಾಯಸ್ಥರ ಪಕ್ಷ. ಆದಕಾರಣ ಅಲ್ಲಿ ನಿಜವಾದ ಕುಸ್ತಿ ನಡೆಯುವುದು ಪ್ರಾಥಮಿಕದಲ್ಲಿ. ನವೆಂಬರಿನದು ಕೇವಲ ಮೆರವಣಿಗೆ. ಆ ಕುಸ್ತಿಯಲ್ಲಿ ಕೈಯಾಡಿಸಬೇಕಾದರೆ ಮತದಾರನು ಆ ಪಕ್ಷದವನೆಂದು ಹೆಸರು ಬರೆಸಬೇಕು. ಅಲ್ಲಿರುವ ಸಲಿಂಗಪ್ರೇಮಿಯ ಸ್ಥಿತಿಯನ್ನು ಊಹಿಸಿರಿ. ತನ್ನನ್ನು ಒಲ್ಲದ ಪಕ್ಷದ ಪುಸ್ತಕದಲ್ಲಿ ಹೆಸರು ಬರೆಸಿ, ಒಲ್ಲದವರಲ್ಲಿ ಕಡಿಮೆ ಒಲ್ಲದವನು ಯಾರೆಂದು ಆರಿಸಬೇಕು. ಇಲ್ಲವೆ ತನ್ನವರೆನಿಸಿದವರ ಜೊತೆಯಲ್ಲಿ ಪ್ರತಿಸಲವೂ ಗೌರವವಾಗಿ ಸೋಲಬೇಕು.

ಅಲ್ಲಿನ ಸ್ಪೆನ್ಸರ್ ಕಾಕ್ಸ್ ಎಂಬವರ ನಡತೆಯನ್ನು ನೋಡಿದರೆ ಕಡಿಮೆ ಕೇಡೆಂಬುದರ ಸ್ವರೂಪ ತಿಳಿಯುವುದು. 2016ರಲ್ಲಿ ಓರ್ಲ್ಯಾಂಡೋ ನಗರದ ಸಲಿಂಗಪ್ರೇಮಿಗಳ ವಿಹಾರಗೃಹದಲ್ಲಿ 49 ಜನರ ಹತ್ಯೆಯಾದಾಗ, ಉಪಗವರ್ನರ್ ಆಗಿದ್ದ ಇವರು ಶೋಕಸಭೆಗೆ ಹೋಗಿ, ತಾವು ಶಾಲೆಯಲ್ಲಿದ್ದಾಗ ಅಂತಹ ಸಹಪಾಠಿಗಳಿಗೆ ತೋರಿದ ನಿರ್ದಯೆಗಾಗಿ ಕ್ಷಮೆ ಕೇಳಿದರು. ಗವರ್ನರ್ ಆದ ಮೇಲೆ 2022ರಲ್ಲಿ, ಲಿಂಗಪರಿವರ್ತಿತ ಬಾಲಿಕೆಯರನ್ನು ಆಟದ ಪಂದ್ಯಗಳಿಂದ ಹೊರಗಿಡುವ ಮಸೂದೆಗೆ ಸಹಿಹಾಕದೆ ತಿರಸ್ಕರಿಸಿದರು; ಶಾಸಕರು ಅವರನ್ನು ಮೀರಿ ಅದನ್ನು ಜಾರಿಗೆ ತಂದರು. 2023ರಲ್ಲಿ ಅಂತಹ ಮಕ್ಕಳ ಚಿಕಿತ್ಸೆಯನ್ನು ತಡೆಯುವ ಕಾಯಿದೆಗೂ, 2024ರಲ್ಲಿ ಶೌಚಗೃಹಗಳ ಕಾಯಿದೆಗೂ ಅವರೇ ಸಹಿ ಹಾಕಿದರು. ಆ ವರ್ಷದ ಜೂನ್ ತಿಂಗಳಿನಲ್ಲಿ ಪ್ರಾಥಮಿಕ ಚುನಾವಣೆ ಬಂದಾಗ ಅವರಿಗೆ ಎದುರಾದವರು ಅವರಿಗಿಂತಲೂ ಕಠಿಣರಾದ ಬಲಪಂಥೀಯರು. ಅತ್ತವನೂ ಅವನೇ, ಸಹಿ ಹಾಕಿದವನೂ ಅವನೇ. ಎದುರಿಗಿರುವವನು ಅಳುವುದೂ ಇಲ್ಲ! ಗೆದ್ದುದು ಕಾಕ್ಸರೇ.

ಈ ಉಪಾಯವೂ ಎಲ್ಲೆಡೆಯಲ್ಲಿ ನಡೆಯದು. ವಯೋಮಿಂಗ್ ಸಂಸ್ಥಾನದಲ್ಲಿ 2022ರ ಆಗಸ್ಟಿನಲ್ಲಿ ಲಿಜ್ ಚೇನಿ ಎಂಬ ರಿಪಬ್ಲಿಕನ್ ಮಹಿಳೆಯನ್ನು ಉಳಿಸುವುದಕ್ಕಾಗಿ ಎದುರು ಪಕ್ಷದ ಅನೇಕರು ಪಕ್ಷ ಬದಲಾಯಿಸಿ ಬಂದರು. ಆಕೆ ಒಂದು ಕಾಲದಲ್ಲಿ, ಸ್ವಂತ ತಂಗಿ ಸಲಿಂಗವಿವಾಹವಾಗಿದ್ದರೂ ಅಂತಹ ವಿವಾಹವನ್ನು ವಿರೋಧಿಸಿದವಳು. 2021ರಲ್ಲಿ ತಾನು ಮಾಡಿದುದು ತಪ್ಪೆಂದು ಒಪ್ಪಿಕೊಂಡಳು. ಆದರೂ ಆಕೆ ಬಹು ದೊಡ್ಡ ಅಂತರದಿಂದ ಸೋತಳು. ಮರುವರ್ಷ ಆ ಸಂಸ್ಥಾನದವರು, ಪ್ರಾಥಮಿಕ ಚುನಾವಣೆಯ ಹೊತ್ತಿಗೆ ಪಕ್ಷ ಬದಲಾಯಿಸಬಾರದೆಂದು ಕಾಯಿದೆಯನ್ನೇ ಮಾಡಿ ಬಾಗಿಲು ಮುಚ್ಚಿದರು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಪ್ರಾಥಮಿಕ ಚುನಾವಣೆಯೆಂಬುದಿಲ್ಲ. ಟಿಕೆಟ್ಟು ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ನಿಶ್ಚಯವಾಗಿ, ಹೆಸರು ಪತ್ರಿಕೆಯಲ್ಲಿ ಅಚ್ಚಾಗಿ ಬರುವುದು, ನಾವು ಓದಿಕೊಳ್ಳತಕ್ಕದ್ದು. ಆದರೆ ಯೂಟಾದಂತೆ ಒಂದೇ ಪಕ್ಷದ ಜಹಗೀರೂ ಇದಲ್ಲ. ಶಿರಾವನ್ನೇ ನೋಡಿರಿ: 2018ರಲ್ಲಿ ಜನತಾದಳ, ಶಾಸಕರು ಕಾಲವಾದ ಕಾರಣ 2020ರ ನವೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಭಾಜಪ, 2023ರಲ್ಲಿ ಕಾಂಗ್ರೆಸ್ಸು. ಐದು ವರ್ಷಗಳಲ್ಲಿ ಮೂರು ಬಾವುಟಗಳು! ಪಾವಗಡದಲ್ಲಿ 2018ರ ಚುನಾವಣೆಯು ನಿಶ್ಚಯವಾದುದು 409 ಮತಗಳಿಂದ. ಮೂರು ಕಡೆಯೂ ಆಂಧ್ರದ ನೆಲ ಸುತ್ತಿಕೊಂಡಿರುವ ಆ ತಾಲ್ಲೂಕಿನಲ್ಲಿ, ಹೆಸರು ಹೇಳಿಕೊಂಡವರೂ ಹೇಳಿಕೊಳ್ಳದವರೂ ಕೂಡಿದರೆ ಈ ಬಗೆಯ ಜನ 409ಕ್ಕಿಂತ ಕಡಿಮೆಯಿರುವರೆಂದು ನಾನು ನಂಬಲಾರೆನು. ಅವರು ಯಾರಿಗೆ ಹಾಕಿದರೆಂಬುದು ಬೇರೆ ಮಾತು. ಒಟ್ಟಾಗಿ ಒಬ್ಬರಿಗೇ ಹಾಕಿರಲಾರರು ಎಂಬುದೂ ನಿಶ್ಚಯ.

ನಮ್ಮಲ್ಲಿಯ ಗಂಟು ಎಲ್ಲಿದೆಯೆಂದರೆ, ಅಮೆರಿಕದವನು ಮೊದಲು ವ್ಯಕ್ತಿಯನ್ನು ಆರಿಸಿ, ಆಮೇಲೆ ಪಕ್ಷವನ್ನು ಆರಿಸುವನು. ನಮಗೆ ವ್ಯಕ್ತಿ ಪಕ್ಷಗಳೆರಡನ್ನೂ ಒಂದೇ ಚಿಹ್ನೆಯಲ್ಲಿ ಕಟ್ಟಿಕೊಡುವರು. ಒಂದನ್ನು ಇಟ್ಟುಕೊಂಡು ಒಂದನ್ನು ಹಿಂದಿರುಗಿಸುವಂತಿಲ್ಲ. ನನ್ನ ಶಿಷ್ಯೆಯ ಸಂಕಟ ಇದೇ ಆಗಿತ್ತು. ನೋಟಾ ಎಂಬ ಗುಂಡಿ 2013ರಿಂದ ಉಂಟಷ್ಟೆ. ಆದರೆ ವಿಧಾನಸಭೆಯ ಚುನಾವಣೆಯಲ್ಲಿ ಅದು ಎಲ್ಲರಿಗಿಂತ ಹೆಚ್ಚು ಮತ ಪಡೆದರೂ ಅದರ ಕೆಳಗಿನವನೇ ಗೆದ್ದವನು. ಕೋಪವನ್ನು ತೋರಿಸುವುದಕ್ಕೆ ಅದು ಸಾಧನ, ಕೇಡನ್ನು ತಡೆಯುವುದಕ್ಕಲ್ಲ. ಕೋಪಿಸಿಕೊಳ್ಳುವುದಕ್ಕೂ ಸ್ವಲ್ಪ ಅನುಕೂಲಸ್ಥಿತಿ ಬೇಕು. ತಾವೇ ನಿಲ್ಲಬಾರದೆ ಎನ್ನುವವರೂ ಇದ್ದಾರೆ. ಮಧ್ಯಪ್ರದೇಶದ ಸೊಹಾಗಪುರದಿಂದ ಶಬನಂ ಮೌಸಿ ಎಂಬವರು ಪಕ್ಷೇತರರಾಗಿ ನಿಂತು ಶಾಸಕರಾದರು. ಛತ್ತೀಸಗಢದ ರಾಯಗಢದಲ್ಲಿ 2015ರಲ್ಲಿ ಮಧು ಎಂಬವರು ನಗರದ ಮೇಯರ್ ಆದರು. ಎರಡು ಪಕ್ಷಗಳಿಂದಲೂ ರೋಸಿದ ಊರು ಹೀಗೆ ಮಾಡುವುದುಂಟು. ಪ್ರತಿಸಲ ಆಗತಕ್ಕದ್ದಲ್ಲ.

ಆ ರಾತ್ರಿ ನನಗೆ ನೆನಪಾದುದು ಶಾಂತಿಪರ್ವದ ಆಪದ್ಧರ್ಮಭಾಗದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಹೇಳಿದ ಕಥೆ. ಒಂದು ದೊಡ್ಡ ಆಲದ ಮರ. ಅದರ ಬುಡದ ಬಿಲದಲ್ಲಿ ಪಲಿತನೆಂಬ ಇಲಿ, ಕೊಂಬೆಯಲ್ಲಿ ಲೋಮಶನೆಂಬ ಬೆಕ್ಕು. ಒಂದು ರಾತ್ರಿ ಬೆಕ್ಕು ಬೇಡನ ಬಲೆಗೆ ಬಿತ್ತು. ಇಲಿಯು ಸಂತೋಷದಿಂದ ಹೊರಗೆ ಬಂದು ನೋಡುತ್ತದೆ: ನೆಲದಲ್ಲಿ ಮುಂಗುಸಿ, ಮೇಲೆ ಗೂಗೆ! ಬಿಲಕ್ಕೆ ಹೋಗಲು ದಾರಿಯಿಲ್ಲ. ಆಗ ಪಲಿತನು ಬೆಕ್ಕಿನ ಬಳಿಗೇ ಹೋಗಿ, ನೀನು ನನಗೆ ಆಶ್ರಯ ಕೊಡು, ನಾನು ನಿನ್ನ ಬಲೆಯನ್ನು ಕತ್ತರಿಸುವೆನು ಎಂದು ಒಪ್ಪಂದ ಮಾಡಿಕೊಂಡು, ಹುಟ್ಟುಶತ್ರುವಿನ ಮೈಗೆ ಅಂಟಿಕೊಂಡು ಕುಳಿತಿತು. ಮುಂಗುಸಿಯೂ ಗೂಗೆಯೂ ನಿರಾಶವಾಗಿ ಹೋದವು. ಬೆಕ್ಕು ಅವಸರಪಡಿಸಿದರೂ ಇಲಿ ಒಂದೊಂದೇ ಹುರಿಯನ್ನು ಮೆಲ್ಲನೆ ಕತ್ತರಿಸುತ್ತ, ಕೊನೆಯ ಹುರಿಯನ್ನು ಮಾತ್ರ ಉಳಿಸಿಕೊಂಡಿತು. ಬೆಳಗಾಗಿ ಬೇಡನು ಹತ್ತಿರ ಬಂದಾಗ, ಬೆಕ್ಕಿಗೆ ಓಡುವುದಕ್ಕಷ್ಟೆ ಹೊತ್ತಿದ್ದು ಇಲಿಯನ್ನು ಹಿಡಿಯಲು ಹೊತ್ತಿಲ್ಲದ ಕ್ಷಣದಲ್ಲಿ, ಅದನ್ನೂ ಕತ್ತರಿಸಿತು. ಆಮೇಲೆ ಬೆಕ್ಕು, ನಾವಿಬ್ಬರೂ ಸ್ನೇಹಿತರಾದೆವಲ್ಲ, ಬಾ, ನನ್ನ ಜೊತೆಯಲ್ಲಿರು ಎಂದು ಕರೆದರೆ ಇಲಿಯು ಬಿಲದೊಳಗಿನಿಂದಲೇ ಉತ್ತರ ಕೊಟ್ಟಿತು, ಹೊರಗೆ ಬರಲಿಲ್ಲ.

ಚಿಕ್ಕಂದಿನಲ್ಲಿ ಇದನ್ನು ಓದಿದಾಗ ಇಲಿಯು ಸ್ವಾರ್ಥಿಯೆಂದು ನನಗೆ ತೋರಿತ್ತು. ಮುಂಗುಸಿಯನ್ನು ಕಾಣದವನ ಅಭಿಪ್ರಾಯವದು.

ಮರುದಿನ ಆಕೆ ಬಂದಾಗ ಈ ಕಥೆಯನ್ನು ಹೇಳಿ, ನನ್ನ ಅಭಿಪ್ರಾಯವನ್ನೂ ಹೇಳಿದೆನು: ಶಾಸಕನಾದವನು ಸದನದಲ್ಲಿ ಪಕ್ಷದ ಆಜ್ಞೆಯನ್ನು ಮೀರುವಂತಿಲ್ಲ, 1985ರ ಪಕ್ಷಾಂತರ ನಿಷೇಧ ಕಾಯಿದೆ ಹಾಗಿದೆ, ಆದ್ದರಿಂದ ವ್ಯಕ್ತಿಯನ್ನು ಬಿಟ್ಟು, ನಿಮ್ಮ ಹೆಸರನ್ನು ಅಚ್ಚುಮಾಡಿದ ಪಕ್ಷಕ್ಕೇ ಹಾಕುವುದು ಮೇಲು ಎಂದೆನು. ನ್ಯಾಯವಾದ ತರ್ಕವೆಂದೇ ನನ್ನ ಭಾವನೆಯಾಗಿತ್ತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾನೂನು ಬೆಂಗಳೂರಿನಲ್ಲಿದೆ ಸಾರ್. ಠಾಣೆ ನಮ್ಮ ಬೀದಿಯಲ್ಲಿದೆ” ಎಂದಳು. ರಾತ್ರಿ ಹತ್ತು ಘಂಟೆಗೆ ತಮ್ಮವಳೊಬ್ಬಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರೆ ಯಾರ ಮನೆಯ ಬಾಗಿಲು ಬಡಿಯಬಹುದೆಂಬುದೇ ಆಕೆಯ ಲೆಕ್ಕ. ಅಣಕಿಸುವವನ ಬಾಗಿಲನ್ನು ಬಡಿಯಲಾಗದು. ನೆಟ್ಟಗಾಗಿ ಎಂದು ಬುದ್ಧಿ ಹೇಳಿದವನಾದರೆ ಬಾಗಿಲನ್ನು ತೆರೆಯಬಹುದು; ಇನ್ನೊಂದು ಸಲ ಬುದ್ಧಿ ಹೇಳಿಯಾದರೂ ಠಾಣೆಗೆ ಫೋನು ಮಾಡಬಹುದು. “ಅವರಿಗೆ ನೀರು ಕೊಡುವಾಗಲೇ ಅದನ್ನು ಕೇಳಿಬಿಟ್ಟೆ ಸಾರ್, ನಾಲ್ಕು ಜನರ ಮುಂದೆ. ಹೂಂ ಅಂದರು” ಎಂದಳು. ಕೊನೆಯ ಹುರಿಯ ವಿಷಯವನ್ನು ನಾನು ಕಲಿಸಬೇಕಾಗಿರಲಿಲ್ಲ.

ಇನ್ನೊಬ್ಬ ಶಿಷ್ಯನ ಮಾತನ್ನೂ ಇಲ್ಲಿಯೇ ಹೇಳಬೇಕು. ಈತನು ಕಚೇರಿಯೊಂದರಲ್ಲಿ ಗುಮಾಸ್ತ, ಸಲಿಂಗಪ್ರೇಮಿ. ಅವನ ಮನೆಯಲ್ಲಿ ಅದು ಯಾರಿಗೂ ತಿಳಿಯದು, ನನಗೆ ಮಾತ್ರ ಒಂದು ಕಾಗದದಲ್ಲಿ ಬರೆದು ತಿಳಿಸಿದನು. ಅವನ ಲೆಕ್ಕವು ಆಕೆಯದಕ್ಕೆ ತೀರ ವಿರುದ್ಧ. ಬೀದಿಯ ಭಯ ಅವನಿಗಿಲ್ಲ, ಬೀದಿಗೆ ಅವನು ಕಾಣಿಸುವುದೇ ಇಲ್ಲವಷ್ಟೆ. ಅವನಿಗೆ ತಾಗುವುದು ಕಾನೂನು. ಮನೆಯಲ್ಲಿ ಓಟೆಂದರೆ ದೊಡ್ಡಪ್ಪನು ಹೇಳಿದ ಚಿಹ್ನೆ, ಒಂಬತ್ತು ಮತಗಳು ಒಂದೇ ಕಡೆಗೆ. ಆ ರಟ್ಟಿನ ಮರೆಯ ಹಿಂದೆ ನಿಂತಷ್ಟು ಹೊತ್ತು ಮಾತ್ರ ತಾನು ಒಬ್ಬನೇ ಇರುವೆನೆಂದು ಅವನು ಬರೆದಿದ್ದನು. ಎಷ್ಟು ಹೊತ್ತು? ಹತ್ತು ನಿಮಿಷವೂ ಅಲ್ಲ. ನಾನು ಎಷ್ಟೋ ಮತಗಟ್ಟೆಗಳಲ್ಲಿ ಆ ರಟ್ಟನ್ನು ಮಡಿಸಿ ನಿಲ್ಲಿಸಿದವನು. ಅದು ಯಾರಿಗಾದರೂ ಇಷ್ಟು ದೊಡ್ಡ ಕೋಣೆಯಾಗಿದ್ದೀತೆಂದು ಎಣಿಸಿರಲಿಲ್ಲ.

ಮರುವರ್ಷ 2024ರ ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆಯಾಯಿತು. ಅಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳೂ ಒಂದಾಗಿರುವುದಿಲ್ಲ. ಮಧುಗಿರಿ ಕೊರಟಗೆರೆಗಳು ತುಮಕೂರಿಗೂ, ಶಿರಾ ಪಾವಗಡಗಳು ಚಿತ್ರದುರ್ಗಕ್ಕೂ ಸೇರುವುವು. ಆ ಸಲದ ಪ್ರಣಾಳಿಕೆಗಳಲ್ಲಿ ಕಾಂಗ್ರೆಸ್ಸು, ವ್ಯಾಪಕವಾಗಿ ಸಮಾಲೋಚಿಸಿದ ಮೇಲೆ ಇಂತಹ ಜೋಡಿಗಳ ಸಹಜೀವನಕ್ಕೆ ಕಾನೂನಿನ ಮನ್ನಣೆ ತರುವೆವೆಂದಿತು. ಭಾಜಪವು ಲಿಂಗತ್ವ ಅಲ್ಪಸಂಖ್ಯಾತರಿಗೆ ಗರಿಮಾ ಗೃಹಗಳೆಂಬ ಆಶ್ರಯಗಳನ್ನು ಹೆಚ್ಚಿಸುವುದಾಗಿಯೂ ಆಯುಷ್ಮಾನ್ ಯೋಜನೆಯಲ್ಲಿ ಸೇರಿಸುವುದಾಗಿಯೂ ಹೇಳಿತು. ಗುಮಾಸ್ತನಿಗೆ ಮೊದಲನೆಯದು ಮುಖ್ಯ, ತಲೆಯ ಮೇಲೆ ಸೂರಿಲ್ಲದವರಿಗೆ ಎರಡನೆಯದು. ಒಂದೇ ಹೆಸರಿನಿಂದ ಕರೆಯುವುದರಿಂದ ಎಲ್ಲರ ಕೇಡೂ ಒಂದೇ ಆಗುವುದಿಲ್ಲ. ನನ್ನ ಶಿಷ್ಯೆಯು ಆ ಸಲ ವ್ಯಕ್ತಿಯನ್ನು ನೋಡದೆ ಪಕ್ಷವನ್ನು ನೋಡಿದಳೆಂದು ಆಕೆಯೇ ಹೇಳಿದಳು. “ದೆಹಲಿಯವರು ನಮ್ಮ ಠಾಣೆಗೆ ಫೋನು ಮಾಡುತ್ತಾರೆಯೆ?” ಎಂದು ನಕ್ಕಳು.

ಅದು ಆಮೇಲಿನ ಮಾತು. 2023ರ ಮೇ 10, ಬುಧವಾರ ಬೆಳಿಗ್ಗೆ ನಾನು ಶಾಲೆಯ ಅಂಗಳಕ್ಕೆ ಹೋದಾಗ ಎರಡು ಸಾಲುಗಳಿದ್ದವು, ಗಂಡಸರದೊಂದು, ಹೆಂಗಸರದೊಂದು. ಆಕೆ ಹುಣಿಸೆಮರದ ಕೆಳಗೆ ಚೀಟಿ ಹಿಡಿದು ನಿಂತಿದ್ದಳು. ಇಪ್ಪತ್ತು ನಿಮಿಷಗಳಿಂದ ನಿಂತಿರುವಳೆಂದು ಆಮೇಲೆ ತಿಳಿಯಿತು. ನಾನು ಅತ್ತ ಹೆಜ್ಜೆಯಿಡುವಷ್ಟರಲ್ಲಿ ಹೆಂಗಸರ ಸಾಲಿನಿಂದ ಒಬ್ಬ ಮುದುಕಿ, “ಅಲ್ಯಾಕ್ ನಿಂತಿದ್ದೀಯೆ, ಬಿಸ್ಲು ಏರ್ತದೆ, ಬಾ ಇಲ್ಲಿ ನನ್ನ ಹಿಂದೆ” ಎಂದು ಗದರಿದಳು. ಸಾಲಿನಲ್ಲಿ ಇಬ್ಬರು ಮೂವರು ಸರಿದು ನಿಂತರು. ಅದು ಜಾಗ ಬಿಡುವುದಕ್ಕೋ ದೂರವಾಗುವುದಕ್ಕೋ ನಾನು ಹೇಳಲಾರೆನು. ಒಳಗೆ ಏಜೆಂಟರು ಯಾರೂ ಏಳಲಿಲ್ಲ. ಆಕೆ ಬೆರಳಿನ ಮಸಿಯನ್ನು ಊದಿಕೊಳ್ಳುತ್ತ ಹೊರಗೆ ಬಂದಳು.

ಜೂನ್ ತಿಂಗಳ ಕೊನೆಯಲ್ಲಿ ಮತ್ತೆ ಬಂದಳು, ಒಂದು ಅರ್ಜಿ ಬರೆದುಕೊಡಬೇಕೆಂದು. ತಮ್ಮ ಏಳು ಮಂದಿಗೆ ನಿವೇಶನ ಬೇಕು, ಗೆದ್ದವರ ಬಳಿಗೆ ತಾನೇ ಒಯ್ಯುವೆನು, ಯಾರು ಗೆದ್ದರೂ ಒಯ್ಯುತ್ತಿದ್ದೆನು ಎಂದಳು. ನಾನು ಬರೆದೆನು. ಕೊನೆಯಲ್ಲಿ ‘ತಮ್ಮ ವಿಧೇಯ’ ಎಂಬಲ್ಲಿಗೆ ಬಂದು ಲೇಖನಿ ನಿಂತಿತು. ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು. “ವಿಧೇಯಳು ಅಂತಲೇ ಬರೆಯಿರಿ ಸಾರ್” ಎಂದಳು. ಬರೆದುಕೊಟ್ಟೆನು. ಎರಡು ಸಲ ಓದಿಕೊಂಡು, ಒಂದು ಕಡೆ ನಾನು ಬಿಟ್ಟಿದ್ದ ಒತ್ತಕ್ಷರವನ್ನು ತೋರಿಸಿ ತಿದ್ದಿಸಿ, ಮಡಿಸಿ ಚೀಲದಲ್ಲಿಟ್ಟುಕೊಂಡು ಹನ್ನೊಂದೂವರೆಯ ಸರಕಾರಿ ಬಸ್ಸಿಗೆ ಹೊರಟಳು. ಜೂನ್ 11ರಿಂದ ಹೆಂಗಸರೊಡನೆ ಇವರಿಗೂ ಅದರಲ್ಲಿ ಟಿಕೆಟ್ಟಿನ ಹಣವಿಲ್ಲ; ಗುರುತಿನ ಚೀಟಿಯನ್ನು ಮಾತ್ರ ತೋರಿಸಬೇಕು.